ಆತಂಕವು ಕಾಯಿಲೆಯಾಗುವುದು ಯಾವಾಗ?

ಹೈದರಾಬಾದಿನಲ್ಲಿ 'ಎರ್ರಗಡ್ಡ' ಎಂಬುದು ಒಂದು ಬಡಾವಣೆಯ ಹೆಸರು ಮಾತ್ರವಲ್ಲ, ಹಾಸ್ಯದ ಮಾತೂ ಹೌದು. ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಅಲ್ಲಿರುವುದೇ ಇದಕ್ಕೆ ಕಾರಣ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಹೆಸರೂ ಇದೇ ಪಾಡಿಗೆ ಸಿಲುಕಿದೆ. ಈ ನಗುವಿಗೆ ಹೆದರಿ ಚಿಕಿತ್ಸೆಯಿಂದ ದೂರ ಉಳಿಯುವವರಲ್ಲಿ ಆತಂಕದ ಕಾಯಿಲೆಯುಳ್ಳವರು ಬಹಳ. 2015-16ರಲ್ಲಿ ನಿಮ್ಹಾನ್ಸ್ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯು ಖಿನ್ನತೆ, ಆತಂಕದಂತಹ ಸಾಮಾನ್ಯ ಮನೋಬೇನೆಗಳಿರುವವರ ಪೈಕಿ ಬಹುಪಾಲು ಜನರಿಗೆ ಚಿಕಿತ್ಸೆಯೇ ದೊರೆಯುತ್ತಿಲ್ಲವೆಂದು ತಿಳಿಸಿತು.

ಅಸಾಮಾನ್ಯ ಮನೋವಿಜ್ಞಾನವು ಎದುರಿಸುವ ಮೊದಲ ಪ್ರಶ್ನೆಯೆಂದರೆ, ಯಾವುದು ಅಸಾಮಾನ್ಯ? ಹತ್ತು ಮಂದಿಯಂತೆ ಇಲ್ಲದಿರುವುದೇ ಅಸಾಮಾನ್ಯವೆಂದರೆ ಮಹಾಕವಿಗಳೂ ರೋಗಿಗಳಾಗಬೇಕಾದೀತು! ಆದ್ದರಿಂದ ವೈದ್ಯರು ಬೇರೆ ಅಳತೆಗಳನ್ನು ಬಳಸುತ್ತಾರೆ. ಸಂದರ್ಭಕ್ಕೆ ಮೀರಿದ ಭಯವೇ, ಅದರಿಂದ ವ್ಯಕ್ತಿಗೆ ಯಾತನೆಯಿದೆಯೇ, ನಿತ್ಯದ ಬದುಕಿಗೆ ಅಡ್ಡಿಯಾಗಿದೆಯೇ, ಎಷ್ಟು ಕಾಲದಿಂದ ಇದೆ ಎಂದು ನೋಡುತ್ತಾರೆ. ಬ್ಯಾಂಕಿನಲ್ಲಿ ದುಡಿಯುವ ನಮಗೆ ತಿಜೋರಿಯ ಬೀಗವನ್ನು ಎರಡು ಬಾರಿ ಎಳೆದು ನೋಡುವುದು ಕರ್ತವ್ಯ. ಮನೆ ಸೇರಿದ ಮೇಲೂ ನೆಮ್ಮದಿಯಿಲ್ಲದೆ, ರಾತ್ರಿ ಶಾಖೆಯವರೆಗೆ ಹೋಗಿ ಷಟರನ್ನು ಮುಟ್ಟಿ ಬರುತ್ತಿದ್ದ ಸಹೋದ್ಯೋಗಿಯೊಬ್ಬರನ್ನು ನಾವು ಬಲ್ಲೆವು. ಅವರನ್ನು ಶ್ರದ್ಧಾವಂತರೆಂದು ಹೊಗಳಿದೆವೇ ಹೊರತು ಅವರ ಸಂಕಟ ನಮಗೆ ತಿಳಿಯಲಿಲ್ಲ. ಇದು ಗೀಳು ಕಾಯಿಲೆ. ಹಿಂದೆ ಆತಂಕದ ಕಾಯಿಲೆಗಳ ಗುಂಪಿನಲ್ಲೇ ಇದ್ದ ಇದನ್ನು 2013ರ ಅಮೆರಿಕದ ವರ್ಗೀಕರಣವು ಪ್ರತ್ಯೇಕಿಸಿತು.

ಆತಂಕದ ಕಾಯಿಲೆಗಳಲ್ಲಿ ಹಲವು ಬಗೆಗಳಿವೆ. ಲಿಫ್ಟ್, ಎತ್ತರ, ನಾಯಿ ಮೊದಲಾದ ಒಂದೇ ವಸ್ತುವಿನ ಅತಿಭಯ ಒಂದು ಬಗೆ. ನಾಲ್ಕು ಜನರೆದುರು ಮಾತನಾಡಲಾಗದ ಸಾಮಾಜಿಕ ಆತಂಕ ಇನ್ನೊಂದು. ಮಗನ ಕೆಲಸ, ಮಗಳ ಮದುವೆ, ಆರೋಗ್ಯ ಎಂದು ಒಂದಾದ ಮೇಲೊಂದು ಚಿಂತೆ ತಿಂಗಳುಗಟ್ಟಲೆ ಬಿಡದೆ ಕಾಡುವುದು ವ್ಯಾಪಕ ಆತಂಕ. ಎಲ್ಲಕ್ಕಿಂತ ಹೆಚ್ಚು ಗೊಂದಲವೆಬ್ಬಿಸುವುದು ಪ್ಯಾನಿಕ್ ಆಘಾತ. ಹಠಾತ್ತನೆ ಎದೆ ಡವಡವ ಹೊಡೆದುಕೊಳ್ಳುತ್ತದೆ, ಬೆವರು ಕಿತ್ತು ಬರುತ್ತದೆ, ಉಸಿರು ಕಟ್ಟುತ್ತದೆ, ಬೆರಳುಗಳು ಜುಮ್ಮೆನ್ನುತ್ತವೆ, ಪ್ರಾಣವೇ ಹೋಯಿತೆಂಬ ಭಯ ಕವಿಯುತ್ತದೆ. ಕೆಲವೇ ನಿಮಿಷಗಳಲ್ಲಿ ತುತ್ತತುದಿಗೇರಿ ತಾನಾಗಿಯೇ ಇಳಿಯುತ್ತದೆ. ಮೊದಲ ಬಾರಿಗೆ ಇಂತಹ ಎದೆನೋವು ಬಂದಾಗ ಆಸ್ಪತ್ರೆಗೆ ಧಾವಿಸುವುದೇ ಸರಿ. ಹೃದಯದ ತೊಂದರೆ, ಥೈರಾಯ್ಡ್ ಏರಿಕೆಗಳು ಇಲ್ಲವೆಂದು ಖಚಿತವಾಗಬೇಕು. ಆದರೆ ಇ.ಸಿ.ಜಿ. ಸರಿಯಿದೆ ಎಂದ ಮೇಲೂ ಹೃದಯತಜ್ಞರನ್ನೇ ಬದಲಿಸುತ್ತ ವರ್ಷಗಳನ್ನು ಕಳೆಯುವುದು ವ್ಯರ್ಥ. "ನಿನಗೇನೂ ಆಗಿಲ್ಲ, ಸುಮ್ಮನಿರು" ಎಂದು ಮನೆಯವರು ಗದರಿಸುವುದಂತೂ ಕ್ರೌರ್ಯ. ಆ ಎದೆಬಡಿತ ನಟನೆಯಲ್ಲ. ಅಪಾಯವಿಲ್ಲದಿರುವಾಗಲೂ ಮಿದುಳು ಅಪಾಯದ ಗಂಟೆ ಬಾರಿಸಿ, ದೇಹವನ್ನು ಓಟಕ್ಕೆ ಅಣಿಗೊಳಿಸಿರುತ್ತದೆ.

ಇದಕ್ಕೆ ಚಿಕಿತ್ಸೆಯಿದೆ. ಆಲೋಚನೆಯ ಜಾಡನ್ನು ತಿದ್ದಿ, ಭಯಪಡುವ ಸನ್ನಿವೇಶವನ್ನು ಹಂತಹಂತವಾಗಿ ಎದುರಿಸಲು ಕಲಿಸುವ ಮನಶ್ಚಿಕಿತ್ಸೆ ಒಂದು ದಾರಿ, ಔಷಧ ಮತ್ತೊಂದು. ಸೆರೊಟೋನಿನ್ ಮೇಲೆ ವರ್ತಿಸುವ ಮಾತ್ರೆಗಳ ಗುಣ ಕಾಣಲು ಕೆಲವು ವಾರಗಳೇ ಬೇಕಾಗುವುದರಿಂದ, ನಾಲ್ಕು ದಿನಕ್ಕೆ ಬಿಟ್ಟುಬಿಡುವವರಿಗೆ ಪ್ರಯೋಜನವಾಗದು. ಅಲ್ಪ್ರಜೋಲಾಂ ಮಾತ್ರೆ ಹಾಗಲ್ಲ, ಗಂಟೆಯೊಳಗೆ ಶಾಂತಿ ತರುತ್ತದೆ. ಹಳೆಯ ಚೀಟಿ ಹಿಡಿದು ಮೆಡಿಕಲ್ ಷಾಪಿಗೆ ಓಡುವಂತೆ ಮಾಡುವುದೂ ಅದೇ. ಅದರ ಚಟದ ಬಲವೆಷ್ಟೆಂಬುದನ್ನು ತೆಲಂಗಾಣ ಕಣ್ಣಾರೆ ಕಂಡಿದೆ. 2015ರಲ್ಲಿ ಕಲಬೆರಕೆ ಕಳ್ಳಿನ ಮೇಲೆ ಸರ್ಕಾರ ಕ್ರಮ ಕೈಗೊಂಡಾಗ, ಅದರಲ್ಲಿ ಬೆರೆಸುತ್ತಿದ್ದ ಅಲ್ಪ್ರಜೋಲಾಂ ಮೊದಲಾದ ಮತ್ತುಪದಾರ್ಥ ಒಮ್ಮೆಗೇ ನಿಂತು, ನಿಜಾಮಾಬಾದ್, ಮೆಹಬೂಬ್‌ನಗರ ಜಿಲ್ಲೆಗಳಲ್ಲಿ ಅನೇಕರು ನಡುಕ, ಫಿಟ್ಸ್, ಭ್ರಾಂತಿಗಳಿಂದ ಆಸ್ಪತ್ರೆ ಸೇರಿದರು. ವೈದ್ಯರ ಸಲಹೆಯಿಲ್ಲದೆ ಈ ಮಾತ್ರೆಯನ್ನು ಆರಂಭಿಸುವುದೂ ತಪ್ಪು, ಥಟ್ಟನೆ ನಿಲ್ಲಿಸುವುದೂ ತಪ್ಪು.

ಇನ್ನು ಖರ್ಚಿನ ವಿಷಯ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆಯ ಪ್ರಕಾರ ವಿಮಾ ಕಂಪನಿಗಳು ದೈಹಿಕ ಕಾಯಿಲೆಗಳಂತೆಯೇ ಮನೋರೋಗಗಳಿಗೂ ವಿಮೆ ಒದಗಿಸಬೇಕು. ಪಾಲಿಸಿಯ ಷರತ್ತುಗಳನ್ನು ಒಮ್ಮೆ ಓದಿ ನೋಡುವುದು ಒಳ್ಳೆಯದು.

ನಮ್ಮವರಿಗೆ ಭಾಷೆಯ ತೊಡಕೂ ಉಂಟು. ತರಕಾರಿ ಕೊಳ್ಳುವಷ್ಟು ತೆಲುಗು, ಆಟೋದವನೊಡನೆ ಚೌಕಾಸಿ ಮಾಡುವಷ್ಟು ಹಿಂದಿ ಬಲ್ಲ ಹಿರಿಯರು ಮನಸ್ಸಿನ ತಳಮಳವನ್ನು ಆ ಭಾಷೆಗಳಲ್ಲಿ ಹೇಳಲಾರದೆ "ಗ್ಯಾಸ್, ಡಾಕ್ಟರ್" ಎಂದು ಮುಗಿಸಿಬಿಡುತ್ತಾರೆ. ಅಂಥವರೊಡನೆ ಕನ್ನಡ ಬಲ್ಲ ಸೊಸೆಯೋ ಮಗನೋ ಹೋಗುವುದು ಉಚಿತ. ಆದರೆ ಅವರ ಪರವಾಗಿ ತಾವೇ ಎಲ್ಲವನ್ನೂ ಹೇಳಿಬಿಡಬಾರದು. ಕೇಂದ್ರ ಸರ್ಕಾರವು 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ-ಮಾನಸ್ ಸೇವೆ ಹಗಲಿರುಳೂ ಉಚಿತ. 14416ಕ್ಕೆ ಕರೆ ಮಾಡಿ ಭಾಷೆಯನ್ನು ಆರಿಸಿಕೊಳ್ಳಬಹುದು, ಆ ಪಟ್ಟಿಯಲ್ಲಿ ಕನ್ನಡವೂ ಇದೆ.