ಅಮೆರಿಕದ ಹೈಸ್ಕೂಲು ಯೋಗ್ಯತಾಪತ್ರವೂ ಅದರ ಪರ್ಯಾಯಮಾರ್ಗಗಳೂ

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಸಾರ್ವಜನಿಕ ಹೈಸ್ಕೂಲಿನ ಓದನ್ನು ಮುಗಿಸಿದ ವಿದ್ಯಾರ್ಥಿಗೆ ಡಿಪ್ಲೊಮಾ ಎಂಬ ಯೋಗ್ಯತಾಪತ್ರವನ್ನು ಕೊಡುವ ಪದ್ಧತಿಯುಂಟು. ಅದಿಲ್ಲದವನಿಗೆ ಕಾಲೇಜಿನ ಬಾಗಿಲು ಸುಲಭವಾಗಿ ತೆರೆಯದು; ಅನೇಕ ಉದ್ಯೋಗಗಳಿಗೆ ಅರ್ಜಿ ಹಾಕುವ ಅರ್ಹತೆಯೂ ಬಾರದು. ಹೀಗಿರಲು, ವಿದ್ಯಾರ್ಥಿಯು ಕಲಿತಿದ್ದಾನೆಂಬುದಕ್ಕೆ ಪ್ರಮಾಣವೇನು ಎಂಬ ಪ್ರಶ್ನೆಯು ಅಲ್ಲಿ ಪದೇಪದೇ ಎದ್ದಿದೆ. ಕಾಲ, ಪರೀಕ್ಷೆ, ಕೃತಿ ಎಂಬ ಮೂರು ಉತ್ತರಗಳನ್ನು ಆ ದೇಶವು ಕೊಟ್ಟಿದೆ. ಇವುಗಳಲ್ಲಿ ಒಂದನ್ನೇ ಏಕೈಕ ಪ್ರಮಾಣವಾಗಿ ಹಿಡಿದಾಗ ಪಕ್ಕದಲ್ಲಿ ಬೇರೊಂದು ದಾರಿಯನ್ನು ತೆರೆಯಬೇಕಾಗಿ ಬಂತೆಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶ. ಅಲ್ಲಿ ವಿದ್ಯಾಭ್ಯಾಸವು ಒಂದೊಂದು ಸಂಸ್ಥಾನದ ಅಧಿಕಾರಕ್ಕೆ ಸೇರಿದುದರಿಂದ ನಿಯಮಗಳು ಎಲ್ಲೆಡೆಯೂ ಒಂದೇ ಅಲ್ಲವೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು.

ಬೋಸ್ಟನ್ ನಗರದಲ್ಲಿ ೧೮೨೧ ರಲ್ಲಿ ಸ್ಥಾಪಿತವಾದ ಶಾಲೆಯನ್ನು ಆ ದೇಶದ ಮೊದಲನೆಯ ಸಾರ್ವಜನಿಕ ಹೈಸ್ಕೂಲೆಂದು ಎಣಿಸುತ್ತಾರೆ. ಹೈಸ್ಕೂಲಿಗಾಗಿ ತೆರಿಗೆಯೆತ್ತುವುದು ನ್ಯಾಯಸಮ್ಮತವೆಂದು ಮಿಚಿಗನ್ ಸಂಸ್ಥಾನದ ಶ್ರೇಷ್ಠ ನ್ಯಾಯಾಲಯವು ಕಲಮಜೂ ಪಟ್ಟಣದ ವ್ಯಾಜ್ಯದಲ್ಲಿ ೧೮೭೪ ರಲ್ಲಿ ತೀರ್ಪಿತ್ತ ಮೇಲೆ ಇಂತಹ ಶಾಲೆಗಳು ಬೇರೂರಿದವು. ಆರಂಭದಲ್ಲಿಯೇ ಎರಡು ಕ್ರಮಗಳು ಜೊತೆಯಾಗಿ ನಡೆದುದನ್ನು ಗಮನಿಸಬೇಕು. ನ್ಯೂಯಾರ್ಕ್ ಸಂಸ್ಥಾನದಲ್ಲಿ ರೀಜೆಂಟರೆಂಬ ವಿದ್ಯಾಧಿಕಾರಿಗಳ ಮಂಡಲಿಯು ೧೮೬೫ ರಲ್ಲಿ ಪ್ರವೇಶಪರೀಕ್ಷೆಯನ್ನೂ ೧೮೭೮ ರಲ್ಲಿ ಹೈಸ್ಕೂಲು ಪಾಠಗಳ ಪರೀಕ್ಷೆಯನ್ನೂ ಏರ್ಪಡಿಸಿತು. ಮಿಚಿಗನ್ ವಿಶ್ವವಿದ್ಯಾನಿಲಯವಾದರೋ, ೧೮೭೧ ರಿಂದ, ತಾನು ಪರಿಶೀಲಿಸಿ ಒಪ್ಪಿದ ಶಾಲೆಗಳ ಪತ್ರವನ್ನೇ ನಂಬಿ ಪರೀಕ್ಷೆಯಿಲ್ಲದೆ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳತೊಡಗಿತು. ಆದಕಾರಣ, ಪರೀಕ್ಷೆಯೇ ಸನಾತನಮಾರ್ಗ, ಉಳಿದವು ಇತ್ತೀಚಿನ ರಿಯಾಯಿತಿಗಳು ಎಂಬ ಮಾತಿಗೆ ಚರಿತ್ರೆಯ ಆಧಾರವಿಲ್ಲ.

ಮೊದಲು ದೇಶವ್ಯಾಪಿಯಾದ ಪ್ರಮಾಣವು ಕಾಲವೇ. ಅದರ ಹುಟ್ಟು ವಿಚಿತ್ರವಾದುದು. ಆಂಡ್ರೂ ಕಾರ್ನೆಗಿ ಎಂಬ ಧನಿಕನು ೧೯೦೫ ರಲ್ಲಿ ಕಾಲೇಜು ಅಧ್ಯಾಪಕರ ವಿಶ್ರಾಂತಿವೇತನಕ್ಕಾಗಿ ಒಂದು ಕೋಟಿ ಡಾಲರುಗಳ ನಿಧಿಯನ್ನಿತ್ತನು. ಈ ವೇತನಕ್ಕೆ ಅರ್ಹವಾದ ಕಾಲೇಜು ಯಾವುದೆಂದು ನಿರ್ಣಯಿಸುವಾಗ, ಪ್ರವೇಶಕ್ಕೆ ಹೈಸ್ಕೂಲಿನ ೧೪ ಮಾನಗಳ ಓದು ಇರಬೇಕೆಂದು ಆ ಸಂಸ್ಥೆಯವರು ವಿಧಿಸಿದರು. ಒಂದು ವಿಷಯದಲ್ಲಿ ಸುಮಾರು ೧೨೦ ಗಂಟೆಗಳ ಪಾಠವೇ ಒಂದು ಮಾನ. ಮುದುಕರಾದ ಅಧ್ಯಾಪಕರ ಅನ್ನಕ್ಕಾಗಿ ಹುಟ್ಟಿದ ಅಳತೆಯು ಹೀಗೆ ಬಾಲಕರ ವಿದ್ಯೆಗೆ ಅಳತೆಯಾಯಿತು. ಪೀಠದಲ್ಲಿ ಕುಳಿತ ಗಂಟೆಗಳನ್ನು ಎಣಿಸುವುದು ಸುಲಭ. ಕಲಿತುದನ್ನು ಎಣಿಸುವುದು ಕಷ್ಟ. ಇದೇ ಅದರ ದೀರ್ಘಾಯುಸ್ಸಿಗೆ ಕಾರಣವೆಂದು ತೋರುತ್ತದೆ.

ಇದರ ವಿರುದ್ಧವಾಗಿ ನಡೆದ ಮೊದಲ ದೊಡ್ಡ ಪ್ರಯೋಗವು 'ಎಂಟು ವರ್ಷಗಳ ಅಧ್ಯಯನ'ವೆಂದು ಪ್ರಸಿದ್ಧವಾಗಿದೆ. ಇದಕ್ಕಾಗಿ ೧೯೩೦ ರಲ್ಲಿ ಒಂದು ಮಂಡಲಿಯು ನೇಮಕವಾಯಿತು. ಸುಮಾರು ೩೦ ಶಾಲೆಗಳು ಪಾಠಕ್ರಮವನ್ನು ತಮ್ಮ ಇಚ್ಛೆಯಂತೆ ರಚಿಸಿಕೊಳ್ಳಬಹುದೆಂದೂ, ಅವುಗಳ ವಿದ್ಯಾರ್ಥಿಗಳನ್ನು ಮಾನಗಳ ಲೆಕ್ಕವಿಲ್ಲದೆಯೇ ಸೇರಿಸಿಕೊಳ್ಳಬೇಕೆಂದೂ ಅನೇಕ ಕಾಲೇಜುಗಳು ಒಪ್ಪಿದವು. ಬಳಿಕ ಈ ಶಾಲೆಗಳ ೧,೪೭೫ ಮಂದಿಯನ್ನು ಸಾಮಾನ್ಯಮಾರ್ಗದಲ್ಲಿ ಬಂದ ಅಷ್ಟೇ ಮಂದಿ ಸಮಾನರೊಡನೆ ಜೋಡಿಜೋಡಿಯಾಗಿ ಹೋಲಿಸಲಾಯಿತು. ಹೊಸಮಾರ್ಗದವರು ಕಾಲೇಜಿನಲ್ಲಿ ಹಿಂದೆ ಬೀಳಲಿಲ್ಲ, ತುಸು ಮುಂದೆಯೇ ಇದ್ದರು ಎಂಬ ವರದಿಯು ೧೯೪೨ ರಲ್ಲಿ ಪ್ರಕಟವಾಯಿತು. ಆದರೆ ಆಗ ಮಹಾಯುದ್ಧವು ನಡೆಯುತ್ತಿದ್ದುದರಿಂದ ಇದಕ್ಕೆ ಕಿವಿಗೊಟ್ಟವರು ಕಡಮೆ.

ಯುದ್ಧವೇ ಇನ್ನೊಂದು ದಾರಿಯನ್ನು ತೆರೆಯಿತು. ಹೈಸ್ಕೂಲನ್ನು ನಡುವೆ ಬಿಟ್ಟು ಸೈನ್ಯಕ್ಕೆ ಹೋದವರಿಗಾಗಿ ಜಿ. ಇ. ಡಿ. ಎಂಬ ಪರೀಕ್ಷೆಗಳನ್ನು ಅಯೋವಾದ ಲಿಂಡ್‌ಕ್ವಿಸ್ಟ್ ಎಂಬ ವಿದ್ವಾಂಸನ ನೇತೃತ್ವದಲ್ಲಿ ೧೯೪೨ ರಲ್ಲಿ ಸಿದ್ಧಗೊಳಿಸಿದರು. ನ್ಯೂಯಾರ್ಕ್ ಸಂಸ್ಥಾನವು ೧೯೪೭ ರಲ್ಲಿ ಇದನ್ನು ಸೈನಿಕರಲ್ಲದವರಿಗೂ ತೆರೆಯಿತು. ಕ್ರಮೇಣ ಉಳಿದ ಸಂಸ್ಥಾನಗಳೂ ಅನುಸರಿಸಿದವು. ಲಕ್ಷಾಂತರ ಜನರು ಈ ದಾರಿಯಲ್ಲಿ ನಡೆದಿದ್ದಾರೆ. ಆದರೆ ಇದರಲ್ಲಿ ತೇರ್ಗಡೆಯಾದವರು ಬುದ್ಧಿಯ ಅಳತೆಯಲ್ಲಿ ಹೈಸ್ಕೂಲು ಮುಗಿಸಿದವರಿಗೆ ಸಮರಾಗಿದ್ದರೂ, ಸಂಪಾದನೆಯಲ್ಲಿ ಶಾಲೆಯನ್ನು ಬಿಟ್ಟವರಿಗೇ ಸಮೀಪವಾಗಿದ್ದಾರೆಂದು ಜೇಮ್ಸ್ ಹೆಕ್‌ಮನ್ ಎಂಬ ಅರ್ಥಶಾಸ್ತ್ರಜ್ಞನು ೧೯೯೦ ರ ದಶಕದಿಂದ ತೋರಿಸಿದ್ದಾನೆ. ದಿನದಿನವೂ ಶಾಲೆಗೆ ಬಂದು ಹಿಡಿದ ಕೆಲಸವನ್ನು ಮುಗಿಸುವ ಗುಣವನ್ನು ಕೆಲವು ಗಂಟೆಗಳ ಪರೀಕ್ಷೆಯು ಕಾಣಲಾರದೆಂಬುದು ಅವನ ವಿವರಣೆ. ಹೀಗೆ ಕಾಲಪ್ರಮಾಣವೂ ಕೇವಲ ನಿಸ್ಸಾರವಲ್ಲವೆಂದಾಯಿತು.

ಯೋಗ್ಯತಾಪತ್ರವು ಬೆಲೆಯಿಲ್ಲದ ಕಾಗದವಾಗುತ್ತಿದೆಯೆಂಬ ಆಕ್ಷೇಪವು ೧೯೭೦ ರ ದಶಕದಲ್ಲಿ ಎದ್ದಿತು. ಪಾಠಗಳನ್ನು ಮುಗಿಸಿದವನೂ ಸಂಸ್ಥಾನದ ಪರೀಕ್ಷೆಯಲ್ಲಿ ತೇರ್ಗಡೆಯಾಗಲೇಬೇಕೆಂಬ ಕಟ್ಟಳೆ ಬಂತು. ಫ್ಲಾರಿಡಾದಲ್ಲಿ ಮೂರು ಸಲ ಅವಕಾಶ ಕೊಟ್ಟ ಮೇಲೂ ಅಂತಿಮ ವರ್ಷದ ಬಿಳಿಯ ವಿದ್ಯಾರ್ಥಿಗಳಲ್ಲಿ ನೂರಕ್ಕೆ ಸುಮಾರು ೨ ಮಂದಿಯೂ, ಆಫ್ರಿಕಾ ಮೂಲದವರಲ್ಲಿ ನೂರಕ್ಕೆ ೨೦ ಮಂದಿಯೂ ಉಳಿದುಹೋದರು. ಈ ಮಕ್ಕಳು ಬಾಲ್ಯದಲ್ಲಿ ವರ್ಣಭೇದದಿಂದ ಬೇರ್ಪಡಿಸಿದ ಶಾಲೆಗಳಲ್ಲಿ ಓದಿದವರು. ವ್ಯಾಜ್ಯವು ನಡೆದು, ಕಲಿಸದೆ ಇದ್ದುದನ್ನು ಪರೀಕ್ಷಿಸಿ ಯೋಗ್ಯತಾಪತ್ರವನ್ನು ತಡೆಹಿಡಿಯುವುದು ಅನ್ಯಾಯವೆಂದು ಮೇಲಿನ ನ್ಯಾಯಾಲಯವು ೧೯೮೧ ರಲ್ಲಿ ಹೇಳಿತು. ಕಲಿಸಿದ್ದೇವೆಂಬುದನ್ನು ಸಂಸ್ಥಾನವೇ ಸಿದ್ಧಪಡಿಸಬೇಕಾಯಿತು. ಪರೀಕ್ಷೆಯು ಶಿಷ್ಯನನ್ನಷ್ಟೇ ಅಲ್ಲ, ಗುರುವನ್ನೂ ನಿಲ್ಲಿಸಿ ಕೇಳುತ್ತದೆಂಬ ತತ್ತ್ವವು ಹೀಗೆ ನ್ಯಾಯಪೀಠದಿಂದ ಸ್ಥಾಪಿತವಾಯಿತು.

ಕಲಿಸಿದ್ದರೂ ಕಲಿತಿದ್ದರೂ ಉತ್ತರಪತ್ರಿಕೆಯಲ್ಲಿ ಕಾಣದಿದ್ದರೆ? ನಮ್ಮ ತಾರ್ಕಿಕರ ದೃಷ್ಟಾಂತವು ಇಲ್ಲಿ ಸಲ್ಲುತ್ತದೆ. ಹೊಗೆಯಿಂದ ಬೆಂಕಿಯನ್ನು ಅನುಮಾನಿಸಬಹುದು; ಹೊಗೆಯಿಲ್ಲದ ಮಾತ್ರಕ್ಕೆ ಬೆಂಕಿಯಿಲ್ಲವೆನ್ನಲಾಗದು. ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಹೊಗೆಯೇಳಲು ಹಸಿಸೌದೆಯ ಸಂಬಂಧವೆಂಬ ಉಪಾಧಿ ಬೇಕು. ಹಾಗೆಯೇ ವಿದ್ಯೆಯು ಪರೀಕ್ಷೆಯಲ್ಲಿ ತೋರಲು ಭಾಷೆ, ದೇಹಸ್ಥಿತಿ, ಮನಸ್ಸಿನ ಸ್ವಾಸ್ಥ್ಯ ಮೊದಲಾದ ಉಪಾಧಿಗಳು ಬೇಕು. ಮ್ಯಾಸಚೂಸೆಟ್ಸ್ ಸಂಸ್ಥಾನವು ೧೯೯೩ ರ ಶಾಸನದಂತೆ ೨೦೦೩ ರ ತಂಡದಿಂದ ಪರೀಕ್ಷೆಯನ್ನು ಕಡ್ಡಾಯ ಮಾಡಿದಾಗ, ತೇರ್ಗಡೆಯಾಗದವನ ತರಗತಿಯ ಅಂಕಗಳನ್ನು ಅದೇ ಪಾಠಗಳನ್ನೋದಿ ತೇರ್ಗಡೆಯಾದ ಸಹಪಾಠಿಗಳ ಅಂಕಗಳೊಡನೆ ಹೋಲಿಸಿ ನಿರ್ಣಯಿಸುವ ಮೇಲ್ಮನವಿಯ ಮಾರ್ಗವನ್ನೂ ಇಟ್ಟಿತು. ಕೊನೆಗೆ ೨೦೨೪ ರ ನವೆಂಬರಿನಲ್ಲಿ ಮತದಾರರೇ ಆ ಕಡ್ಡಾಯವನ್ನು ತೆಗೆದುಹಾಕಿದರು. ಕ್ಯಾಲಿಫೋರ್ನಿಯಾದಲ್ಲಿ ೨೦೦೬ ರ ತಂಡದಿಂದ ನಡೆದ ಕಡ್ಡಾಯಪರೀಕ್ಷೆಯು ೨೦೧೫ ರಲ್ಲಿ ನಿಂತಿತು. ಅದೊಂದರಿಂದಲೇ ತಡೆಯಲ್ಪಟ್ಟಿದ್ದವರಿಗೆ ಯೋಗ್ಯತಾಪತ್ರವನ್ನು ಹಿಂದಿನ ವರ್ಷಗಳಿಗೂ ಅನ್ವಯವಾಗುವಂತೆ ಕೊಡಬೇಕೆಂದು ಶಾಸನವಾಯಿತು. ಪತ್ರವು ಬಂತು, ಕಳೆದ ವರ್ಷಗಳು ಬರಲಿಲ್ಲ.

ಮೂರನೆಯ ಪ್ರಮಾಣವಾದ ಕೃತಿಯು ನ್ಯೂಯಾರ್ಕ್ ನಗರದಲ್ಲಿ ಚೆನ್ನಾಗಿ ಬೆಳೆಯಿತು. ಡೆಬೊರಾ ಮೈಯರ್ ಎಂಬಾಕೆಯು ೧೯೮೫ ರಲ್ಲಿ ಈಸ್ಟ್ ಹಾರ್ಲೆಮ್ ಭಾಗದಲ್ಲಿ ಆರಂಭಿಸಿದ ಪ್ರೌಢಶಾಲೆಯಲ್ಲಿ ವಿದ್ಯಾರ್ಥಿಯು ೧೪ ವಿಷಯಗಳ ತನ್ನ ಕೃತಿಸಂಪುಟವನ್ನು ಸಿದ್ಧಪಡಿಸಿ, ಅದನ್ನು ಒಂದು ಸಮಿತಿಯ ಮುಂದೆ ಸಮರ್ಥಿಸಬೇಕಾಗಿತ್ತು. ಇದೇ ಜಾಡಿನ ಶಾಲೆಗಳ ಒಂದು ಕೂಟಕ್ಕೆ ಇಂಗ್ಲಿಷ್ ಒಂದನ್ನುಳಿದು ರೀಜೆಂಟರ ಪರೀಕ್ಷೆಗಳಿಂದ ವಿನಾಯಿತಿ ದೊರೆಯಿತು. ಅವುಗಳ ವಿದ್ಯಾರ್ಥಿಗಳು ಸಾಹಿತ್ಯವಿಮರ್ಶೆ, ಸಮಾಜವಿಷಯದ ಸಂಶೋಧನೆ, ವಿಜ್ಞಾನದ ಪ್ರಯೋಗ, ಗಣಿತದ ಪ್ರಯೋಜನ ಇವುಗಳಲ್ಲಿ ಒಂದೊಂದು ಕೃತಿಯನ್ನು ರಚಿಸಿ, ಪ್ರಶ್ನೆಗಳಿಗೆ ಉತ್ತರಿಸಬೇಕು. ಪಾಠಶಾಲೆಯಲ್ಲಿ ವಿದ್ವಾಂಸರೆದುರಿಗೆ ವಾಕ್ಯಾರ್ಥಕ್ಕೆ ನಿಂತ ಈ ಲೇಖಕನಿಗೆ ಆ ಕ್ರಮವು ಅಪರಿಚಿತವೆನಿಸದು. ಕಂಠಪಾಠವು ಒಂದು ಪ್ರಶ್ನೆಯವರೆಗೆ ಕಾಪಾಡೀತು. ಎರಡನೆಯ ಪ್ರಶ್ನೆಗೆ ತಿಳಿವಳಿಕೆಯೇ ಬೇಕು. ಆದರೆ ಪಕ್ಷಪಾತದ ಶಂಕೆಯೂ ಇಲ್ಲಿ ಉಂಟು. ಅಧ್ಯಾಪಕರ ಶ್ರಮವೂ ಅಧಿಕ. ಆದುದರಿಂದಲೇ ಹೊರಗಿನವರನ್ನೂ ಪರೀಕ್ಷಕರಾಗಿ ಕೂರಿಸುತ್ತಾರೆ.

ಮೇಲ್ಕಂಡ ವೃತ್ತಾಂತದಿಂದ ಸಿದ್ಧಿಸುವುದಿಷ್ಟು. ಕಾಲವು ನಿಷ್ಠೆಗೆ ಸಾಕ್ಷಿ, ಪರೀಕ್ಷೆಯು ಸ್ಮರಣೆಗೂ ಚುರುಕಿಗೂ ಸಾಕ್ಷಿ, ಕೃತಿಯು ತಿಳಿವಳಿಕೆಗೆ ಸಾಕ್ಷಿ. ಒಬ್ಬ ಸಾಕ್ಷಿಯ ಮಾತಿನಿಂದಲೇ ದಂಡ ವಿಧಿಸುವುದು ನ್ಯಾಯವಲ್ಲ. ಪರ್ಯಾಯಮಾರ್ಗವು ಯೋಗ್ಯತೆಯನ್ನು ತಗ್ಗಿಸುವ ಉಪಾಯವಲ್ಲ. ಯೋಗ್ಯತೆಯನ್ನು ಇನ್ನೊಂದು ಕಡೆಯಿಂದ ನೋಡುವ ಕಿಟಕಿ. ಆದರೆ ನೋಡುವವನು ಶಿಷ್ಯನನ್ನು ಬಲ್ಲವನಾಗಿರಬೇಕು. ತಾನು ಕಲಿಸಿದ್ದೇನೆಯೇ ಎಂಬ ಪ್ರಶ್ನೆಯನ್ನು ಮೊದಲು ತನಗೇ ಹಾಕಿಕೊಂಡವನೂ ಆಗಿರಬೇಕು. ಈ ಎರಡೂ ಇಲ್ಲದಲ್ಲಿ ರಾಜಮಾರ್ಗವೂ ಅಡ್ಡದಾರಿಯೇ ಸರಿ.