ಬಿಚ್ಚಲಾಗದ ಬೋಲ್ಟು: ಗ್ರೀಸ್ ಹೋಗಿ ರಬ್ಬರ್ ಬಂದ ಕಥೆ

ಕಾರಿನ ಮುಂದಿನ ಚಕ್ರದ ಕಡೆ ಕಟಕಟ ಸದ್ದು. ಗ್ಯಾರೇಜಿಗೆ ಒಯ್ದರೆ, ‘ಲೋವರ್ ಆರ್ಮ್ ಬುಶ್ ಹೋಗಿದೆ, ಒಂದೆರಡು ಗಂಟೆ ಕೆಲಸ’ ಅನ್ನುತ್ತಾರೆ. ಸಂಜೆ ಹೋಗಿ ನೋಡಿದರೆ ಕಾರು ಇನ್ನೂ ಜಾಕ್ ಮೇಲೇ ನಿಂತಿರುತ್ತದೆ. ಒಂದು ಬೋಲ್ಟು ಹೊರಗೆ ಬರುತ್ತಿಲ್ಲ. ಮಾರನೇ ದಿನ ಬಿಲ್ ಕೈಗೆ ಬಂದಾಗ ಬುಶ್‌ನ ಬೆಲೆಗಿಂತ ಕೂಲಿಯೇ ಹೆಚ್ಚು. ‘ಒಂದು ಬೋಲ್ಟು ಬಿಚ್ಚೋಕೆ ಇಷ್ಟಾ ಅಣ್ಣಾ?’ ಎಂದು ಮಾಲೀಕರು ಕೇಳುತ್ತಾರೆ. ಇಡೀ ದಿನ ಕಾರಿನ ಕೆಳಗೆ ಮಲಗಿ, ಕಣ್ಣಿಗೆ ತುಕ್ಕಿನ ಪುಡಿ ಬೀಳಿಸಿಕೊಂಡ ಮೆಕ್ಯಾನಿಕ್‌ಗೆ ಆ ಮಾತು ಚುಚ್ಚುತ್ತದೆ.

ಇಂಥ ಜಗಳ ನಮ್ಮ ಊರುಗಳಲ್ಲಿ ಹೊಸದಲ್ಲ. ಮೋಸ ಯಾರದ್ದು ಎಂದು ಹುಡುಕುವ ಮೊದಲು, ಆ ಬೋಲ್ಟು ಯಾಕೆ ಕಚ್ಚಿಕೊಳ್ಳುತ್ತದೆ ಎಂದು ನೋಡೋಣ. ಅದರ ಉತ್ತರ ಸುಮಾರು ನೂರು ವರ್ಷ ಹಿಂದಿದೆ.

ಕೀಲೆಣ್ಣೆಯ ಕಾಲ

ಎತ್ತಿನ ಗಾಡಿ ಹೊಡೆದವರಿಗೆ ಕೀಲೆಣ್ಣೆ ಗೊತ್ತು. ಹರಳೆಣ್ಣೆಗೆ ಹುಲ್ಲು ಸುಟ್ಟ ಕರಿ ಕಲಸಿ ಮಾಡುತ್ತಿದ್ದ ಮಂದ ಎಣ್ಣೆ ಅದು. ಗಾಲಿ ತಿರುಗುವ ಕಡೆ ಅದನ್ನು ಬಳಿಯದಿದ್ದರೆ ಗಾಡಿ ಕಿರುಗುಟ್ಟುತ್ತಿತ್ತು, ಅಚ್ಚು ಸವೆಯುತ್ತಿತ್ತು, ಎತ್ತುಗಳಿಗೆ ಭಾರವಾಗುತ್ತಿತ್ತು. ಉಜ್ಜುವ ಕಡೆ ಎಣ್ಣೆ ಇರಬೇಕು ಎಂಬುದು ಅಂದಿನ ನಿಯಮ. ಆಗಾಗ ಎಣ್ಣೆ ಕಾಣುತ್ತಿದ್ದ ಆ ಕೀಲು ತುಕ್ಕು ಹಿಡಿದು ಕಚ್ಚಿಕೊಳ್ಳುತ್ತಿರಲಿಲ್ಲ.

ಮೊದಮೊದಲ ಕಾರುಗಳೂ ಇದೇ ನಿಯಮದ ಮೇಲೆ ಓಡಿದವು. ಸ್ಪ್ರಿಂಗ್ ಪ್ಲೇಟುಗಳು ಕಬ್ಬಿಣದ ಪಿನ್ನುಗಳ ಮೇಲೆ ತೂಗುತ್ತಿದ್ದವು. ಲೋಹದ ಮೇಲೆ ಲೋಹ ಉಜ್ಜುತ್ತಿದ್ದುದರಿಂದ ಪ್ರತಿ ಪಿನ್ನಿಗೂ ಎಣ್ಣೆಯೋ ಗ್ರೀಸೋ ಬೇಕಿತ್ತು. 1920ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಬಂದ ಫೋರ್ಡ್ ಮಾಡೆಲ್ ಎ ಕಾರಿಗೆ 500 ಮೈಲಿಗೆ, ಅಂದರೆ ಸುಮಾರು 800 ಕಿಲೋಮೀಟರಿಗೆ ಒಮ್ಮೆ, ಅಡಿಭಾಗದ ಕೀಲುಗಳಿಗೆ ಗ್ರೀಸ್ ತುಂಬಬೇಕಿತ್ತು.

ಆ ಕೆಲಸವನ್ನು ಸುಲಭ ಮಾಡಿದ್ದು ಗ್ರೀಸ್ ಗನ್ ಮತ್ತು ಗ್ರೀಸ್ ನಿಪ್ಪಲ್. ಒಳಗೆ ಸಣ್ಣ ಗುಂಡಿರುವ ನಿಪ್ಪಲ್ಲನ್ನು ನಾವು ಈಗಲೂ ಟ್ರ್ಯಾಕ್ಟರ್, ಟ್ರೇಲರ್‌ಗಳಲ್ಲಿ ನೋಡುತ್ತೇವೆ. ವಿಯೆನ್ನಾದಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ಆಸ್ಕರ್ ಜರ್ಕ್ ಎಂಬವರು 1929ರಲ್ಲಿ ಇಂಥ ನಿಪ್ಪಲ್ಲಿಗೆ ಪೇಟೆಂಟ್ ಪಡೆದರು. ಇವತ್ತಿಗೂ ಇಂಗ್ಲಿಷಿನಲ್ಲಿ ಅದನ್ನು ಅವರ ಹೆಸರಿನಿಂದಲೇ ಕರೆಯುತ್ತಾರೆ.

ನಮ್ಮಲ್ಲಿ ಆ ಕಾಲದ ನೆನಪು ಉಳಿಸಿದ್ದು ಅಂಬಾಸಿಡರ್. 1950ರ ದಶಕದ ಕೊನೆಯಿಂದ 2014ರವರೆಗೆ ಕೋಲ್ಕತ್ತಾ ಹತ್ತಿರದ ಉತ್ತರಪಾರಾದಲ್ಲಿ ತಯಾರಾದ ಈ ಕಾರಿನ ಮುಂದಿನ ಸಸ್ಪೆನ್ಶನ್ನಿಗೂ ಗ್ರೀಸ್ ನಿಪ್ಪಲ್ಲುಗಳಿದ್ದವು. ಕಾರು ತೊಳೆಸಿದರೆ ಜೊತೆಗೆ ಗ್ರೀಸ್ ಹೊಡೆಸುವುದು ಟ್ಯಾಕ್ಸಿ ಡ್ರೈವರುಗಳ ರೂಢಿ. ಹೊಸ ಗ್ರೀಸ್ ಒಳಗೆ ಹೋಗುವಾಗ ಹಳೆಯ ಕೆಸರು, ನೀರು ಹೊರಗೆ ಬರುತ್ತಿತ್ತು.

ರಬ್ಬರ್ ಬಂತು

ಆದರೆ ಎಲ್ಲರೂ ನಿಯಮವಾಗಿ ಗ್ರೀಸ್ ಹೊಡೆಯುವುದಿಲ್ಲ. ಮರೆತರೆ ಪಿನ್ ಸವೆಯುತ್ತದೆ, ಸದ್ದು ಶುರುವಾಗುತ್ತದೆ. ಗ್ರೀಸೇ ಬೇಡದ ಕೀಲು ಮಾಡಲು ಆಗುತ್ತದೆಯೇ ಎಂಬ ಹುಡುಕಾಟ ಕೆಲವು ದೇಶಗಳಲ್ಲಿ ನಡೆದಿತ್ತು. 1920ರ ದಶಕದಲ್ಲಿ ಫ್ರಾನ್ಸಿನಿಂದ ಒಂದು ಉತ್ತರ ಬಂತು. ಅದರ ಹೆಸರು ಸೈಲೆಂಟ್‌ಬ್ಲಾಕ್, ಅಂದರೆ ಸದ್ದಿಲ್ಲದ ಬುಶ್.

ಅದರ ರಚನೆ ಸರಳ. ಹೊರಗೊಂದು ಉಕ್ಕಿನ ಕೊಳವೆ, ಒಳಗೊಂದು ಸಣ್ಣ ಉಕ್ಕಿನ ಕೊಳವೆ, ನಡುವೆ ಬಿಗಿಯಾಗಿ ರಬ್ಬರ್. ಒಳಗಿನ ಕೊಳವೆಯೊಳಗೆ ಬೋಲ್ಟು ತೂರಿಸಿ ಬಿಗಿದರೆ ಆ ಕೊಳವೆ ಅಲುಗದಂತೆ ನಿಲ್ಲುತ್ತದೆ. ಚಕ್ರ ಹಳ್ಳಕ್ಕೆ ಬಿದ್ದು ಎದ್ದಾಗ ಆರ್ಮ್ ಮೇಲೆ ಕೆಳಗೆ ಹೋಗುತ್ತದೆ. ಆಗ ತಿರುಚಿಕೊಳ್ಳುವುದು ರಬ್ಬರ್ ಮಾತ್ರ. ಲೋಹ ಲೋಹಕ್ಕೆ ಉಜ್ಜುವುದಿಲ್ಲ, ಆದ್ದರಿಂದ ಗ್ರೀಸ್ ಬೇಡ.

ಎರಡನೇ ಮಹಾಯುದ್ಧದ ನಂತರ ಸಸ್ಪೆನ್ಶನ್ನಿನ ಆಕಾರವೂ ಬದಲಾಯಿತು. ಅಮೆರಿಕದ ಎಂಜಿನಿಯರ್ ಅರ್ಲ್ ಮ್ಯಾಕ್‌ಫರ್ಸನ್ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರನ್ನು ಒಂದೇ ಕಂಬದಲ್ಲಿ ಸೇರಿಸಿದರು. ಬ್ರಿಟನ್ನಿನ ಫೋರ್ಡ್ ಕಂಪನಿ 1950ರಲ್ಲಿ ತೋರಿಸಿದ ಕಾನ್ಸುಲ್, ಜೆಫಿರ್ ಕಾರುಗಳಲ್ಲಿ ಅದು ಇತ್ತು. 1983ರ ಡಿಸೆಂಬರಿನಲ್ಲಿ ಮಾರುತಿ 800 ರಸ್ತೆಗಿಳಿದಾಗ ಅದೇ ಬಗೆಯ ಮುಂದಿನ ಸಸ್ಪೆನ್ಶನ್ ನಮ್ಮ ಊರುಗಳಿಗೂ ಬಂತು. ಅದರ ಕೆಳಗಿನ ಆರ್ಮ್‌ಗಳನ್ನು ಹಿಡಿದದ್ದು ರಬ್ಬರ್ ಬುಶ್. ಗ್ರೀಸ್ ಹೊಡೆಸುವ ರೂಢಿ ಕಾರು ಮಾಲೀಕರ ಮನೆಗಳಿಂದ ಮೆಲ್ಲಗೆ ಮರೆಯಾಯಿತು.

ಅಲುಗದ ಬೋಲ್ಟಿನ ಕಷ್ಟ

ಇದು ದೊಡ್ಡ ಅನುಕೂಲವೇ. ಆದರೆ ಇಲ್ಲೊಂದು ಬೆಲೆ ಅಡಗಿ ಕುಳಿತಿತ್ತು. ಹಳೆಯ ಪಿನ್ನಿಗೆ ಆಗಾಗ ಗ್ರೀಸ್ ಸಿಗುತ್ತಿತ್ತು. ಹೊಸ ಬೋಲ್ಟು ವರ್ಷಗಟ್ಟಲೆ ಒಂದೇ ಕಡೆ ಒಣಗಿ ನಿಂತಿರುತ್ತದೆ. ಬೋಲ್ಟಿಗೂ ಒಳಗಿನ ಕೊಳವೆಗೂ ನಡುವೆ ಕೂದಲೆಳೆಯಷ್ಟು ಸಂದು ಇರುತ್ತದೆ. ಮಳೆ ನೀರು, ಗದ್ದೆಯ ಕೆಸರು, ತೊಳೆದ ನೀರು ಅಲ್ಲಿಗೆ ಇಳಿಯುತ್ತದೆ. ಒಳಗೆ ಹೋದದ್ದು ಬೇಗ ಆರುವುದಿಲ್ಲ.

ಕಬ್ಬಿಣ ತುಕ್ಕಾದಾಗ ಮೊದಲಿಗಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ. ಸಂದಿನಲ್ಲಿ ಆ ಜಾಗ ಇಲ್ಲ. ತುಕ್ಕು ಒತ್ತಿಕೊಂಡು ಬೆಳೆದು, ಬೋಲ್ಟು ಮತ್ತು ಕೊಳವೆ ಎರಡೂ ಒಂದೇ ತುಂಡಿನಂತೆ ಆಗುತ್ತವೆ. ಉಪ್ಪು ಸೇರಿದರೆ ತುಕ್ಕು ಇನ್ನೂ ಬೇಗ. ಉಡುಪಿ, ದಕ್ಷಿಣ ಕನ್ನಡ, ಉತ್ತರ ಕನ್ನಡದ ಕಡಲ ಗಾಳಿಯಲ್ಲಿ ಓಡುವ ವಾಹನಗಳಿಗೆ ಈ ಕಾಟ ಹೆಚ್ಚು. ಗೊಬ್ಬರದ ಚೀಲ ಸಾಗಿಸುವ ಗಾಡಿಗಳಿಗೂ ಅಷ್ಟೆ.

ಇಂಥ ಬೋಲ್ಟನ್ನು ಗುರುತಿಸುವುದು ಸುಲಭ. ನಟ್ ಬಿಚ್ಚಿಕೊಳ್ಳುತ್ತದೆ. ಬೋಲ್ಟಿನ ತಲೆಗೆ ಸ್ಪ್ಯಾನರ್ ಹಾಕಿ ತಿರುಗಿಸಿದರೆ ಸ್ವಲ್ಪ ತಿರುಗುತ್ತದೆ, ಕೈ ಬಿಟ್ಟರೆ ವಾಪಸ್ ಬರುತ್ತದೆ. ತಿರುಗಿದ್ದು ಬೋಲ್ಟು ಮಾತ್ರ ಅಲ್ಲ, ಜೊತೆಗೆ ಕೊಳವೆಯೂ ತಿರುಗಿ ರಬ್ಬರನ್ನು ತಿರುಚಿದೆ. ಸುತ್ತಿಗೆಯಲ್ಲಿ ಹೊಡೆದರೂ ಆ ರಬ್ಬರೇ ಏಟನ್ನು ನುಂಗುತ್ತದೆ. ಗುಂಡಿಯಲ್ಲಿ ಹೂತ ಗೂಟವನ್ನು ಹಾಸಿಗೆಯ ಮೇಲಿಟ್ಟು ಬಡಿದ ಹಾಗೆ. ಮೆಕ್ಯಾನಿಕ್‌ನ ದಿನ ಹೋಗುವುದು ಇಲ್ಲೇ.

ಎಣ್ಣೆ, ಬೆಂಕಿ, ಬ್ಲೇಡು

ಕಚ್ಚಿದ ಬೋಲ್ಟನ್ನು ಬಿಡಿಸಲು ಗ್ಯಾರೇಜಿನಲ್ಲಿ ಮೂರು ದಾರಿ ಇವೆ. ಮೂರಕ್ಕೂ ಒಂದೊಂದು ಚರಿತ್ರೆ ಇದೆ.

ಮೊದಲನೆಯದು ಎಣ್ಣೆ. ಸೀಮೆಎಣ್ಣೆ, ಡೀಸೆಲ್ ಹಾಕಿ ರಾತ್ರಿ ಬಿಡುವುದು ಹಳೆಯ ಪದ್ಧತಿ. ಈಗ ಹೆಚ್ಚು ಕಡೆ ಸಿಗುವ ಡಬ್ಲ್ಯುಡಿ-40 ಸ್ಪ್ರೇ 1953ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ತಯಾರಾಯಿತು. ಅಟ್ಲಾಸ್ ಕ್ಷಿಪಣಿಯ ಹೊರಮೈಗೆ ತುಕ್ಕು ಹಿಡಿಯದಿರಲು ಅದನ್ನು ಬಳಸಿದರು. ಹೆಸರಿನ ಅರ್ಥವೇ ‘ನೀರನ್ನು ಓಡಿಸುವುದು, ನಲವತ್ತನೇ ಪ್ರಯತ್ನ’. ಎಣ್ಣೆ ಕೆಲಸ ಮಾಡಬೇಕಾದರೆ ಸಂದಿನ ತುದಿ ಸಿಗಬೇಕು, ಸಮಯ ಕೊಡಬೇಕು. ಹಾಕಿ ಐದು ನಿಮಿಷಕ್ಕೇ ಬಡಿದರೆ ಪ್ರಯೋಜನ ಇಲ್ಲ.

ಎಣ್ಣೆ ನೆನೆಯುವಾಗ ಸ್ಪ್ಯಾನರಿನ ಅಳತೆ ನೋಡಿಕೊಳ್ಳುವುದು ಒಳ್ಳೆಯದು. ಬ್ರಿಟನ್ನಿನ ಜೋಸೆಫ್ ವಿಟ್‌ವರ್ತ್ 1841ರಲ್ಲಿ ಬೋಲ್ಟಿನ ಮರೆಗಳಿಗೆ ಒಂದೇ ಅಳತೆ ಇರಲಿ ಎಂದು ಹೇಳಿದ ಮೇಲೂ, ಇಂಚು ಮತ್ತು ಮಿಲಿಮೀಟರ್ ಎರಡೂ ಉಳಿದುಕೊಂಡವು. ಹಳೆಯ ಜೀಪು, ಅಂಬಾಸಿಡರ್ ಇಂಚಿನವು. ಅರ್ಧ ಇಂಚು ಎಂದರೆ 12.7 ಮಿಲಿಮೀಟರ್. ಅದಕ್ಕೆ 13ರ ಸ್ಪ್ಯಾನರ್ ಹಾಕಿ ಜೋರು ಮಾಡಿದರೆ ತಲೆಯ ಮೂಲೆಗಳು ಸವೆದು ದುಂಡಗಾಗುತ್ತವೆ.

ಎರಡನೆಯದು ಬೆಂಕಿ. 1895ರಲ್ಲಿ ಫ್ರಾನ್ಸಿನ ವಿಜ್ಞಾನಿ ಲ ಶಾತೆಲಿಯೆ, ಆಮ್ಲಜನಕದ ಜೊತೆ ಅಸಿಟಲೀನ್ ಉರಿಸಿದರೆ ಬಹಳ ಬಿಸಿಯಾದ ಜ್ವಾಲೆ ಬರುತ್ತದೆ ಎಂದು ತೋರಿಸಿದರು. ಅದರ ಬಿಸಿ 3000 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚು. ಕೆಲವೇ ವರ್ಷಗಳಲ್ಲಿ ಅದು ಗ್ಯಾಸ್ ವೆಲ್ಡಿಂಗ್ ಆಯಿತು. ಕಾರ್ಬೈಡ್ ಕಲ್ಲಿಗೆ ನೀರು ಬಿಟ್ಟು ಗ್ಯಾಸ್ ಮಾಡುವ ಡಬ್ಬವನ್ನು ನಮ್ಮ ಸಂತೆ ಊರುಗಳ ವೆಲ್ಡಿಂಗ್ ಅಂಗಡಿಗಳಲ್ಲಿ ಹಲವರು ನೋಡಿರಬಹುದು. ಕಾಯಿಸಿದ ಕಬ್ಬಿಣ ಹಿಗ್ಗುತ್ತದೆ, ಹಿಗ್ಗುವಾಗ ತುಕ್ಕಿನ ಹಿಡಿತ ಬಿರುಕು ಬಿಡುತ್ತದೆ. ಗಾಡಿಯ ಗಾಲಿಗೆ ಕಬ್ಬಿಣದ ಹಳಿಯನ್ನು ಕೆಂಪಗೆ ಕಾಯಿಸಿ ಕೂರಿಸುತ್ತಿದ್ದ ಕಮ್ಮಾರರಿಗೆ ಈ ಪಾಠ ಯಾರೂ ಹೇಳಿಕೊಡಬೇಕಿರಲಿಲ್ಲ.

ಆದರೆ ಕಾರಿನಲ್ಲಿ ಬೆಂಕಿ ಅಪಾಯ. ಪಕ್ಕದಲ್ಲೇ ಬ್ರೇಕ್ ಪೈಪು ಇರುತ್ತದೆ, ಬುಶ್‌ನ ರಬ್ಬರ್ ಹೊತ್ತಿಕೊಳ್ಳುತ್ತದೆ. ಶಾಕ್ ಅಬ್ಸಾರ್ಬರ್ ಎಂದರೆ ಎಣ್ಣೆ, ಕೆಲವದರಲ್ಲಿ ಗ್ಯಾಸ್ ಕೂಡ, ತುಂಬಿ ಮುಚ್ಚಿದ ಕೊಳವೆ. ಅದನ್ನು ಕಾಯಿಸಿದರೆ ಸಿಡಿಯಬಹುದು. ಅನುಭವಿ ಮೆಕ್ಯಾನಿಕ್ ‘ಬೆಂಕಿ ಬೇಡ’ ಎಂದರೆ ಅದು ಸೋಮಾರಿತನ ಅಲ್ಲ.

ಮೂರನೆಯದು ಬ್ಲೇಡು. ಆರ್ಮ್ ಹಿಡಿದ ಬ್ರಾಕೆಟ್ಟಿಗೂ ಬುಶ್‌ಗೂ ನಡುವಿನ ಸಂದಿನಲ್ಲಿ, ಎರಡೂ ಕಡೆ, ಬೋಲ್ಟನ್ನು ಕತ್ತರಿಸಿಬಿಡುವುದು. ಬುಶ್ ಹೇಗೂ ಹೊಸದು ಬರುವುದರಿಂದ ಅದು ಹಾಳಾದರೆ ನಷ್ಟವಿಲ್ಲ. ಹಿಂದೆ ಇದನ್ನು ಕೈಗರಗಸದಲ್ಲಿ ಮಾಡಬೇಕಿತ್ತು. 1954ರಲ್ಲಿ ಜರ್ಮನಿಯ ಕಂಪನಿಯೊಂದು ವೇಗವಾಗಿ ತಿರುಗುವ ಆಂಗಲ್ ಗ್ರೈಂಡರ್ ತಂದ ಮೇಲೆ ಗಂಟೆಗಳ ಕೆಲಸ ನಿಮಿಷಗಳಿಗೆ ಇಳಿಯಿತು. ಬ್ರಾಕೆಟ್ಟಿಗೆ ಗಾಯವಾಗದಂತೆ ಕತ್ತರಿಸುವುದೇ ಕೈಚಳಕ. ಕಣ್ಣಿಗೆ ಕನ್ನಡಕ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬಾರದು.

ಕೂಲಿ ಯಾವುದಕ್ಕೆ?

ಈಗ ಬಿಲ್ಲಿನ ಪ್ರಶ್ನೆಗೆ ಬರೋಣ. ಹಳೆಯ ಕಾರಿನ ಕೀಲುಗಳಿಗೆ ಆಗಾಗ ಸ್ವಲ್ಪ ಸ್ವಲ್ಪ ಕೂಲಿ ಹೋಗುತ್ತಿತ್ತು. ರಬ್ಬರ್ ಬಂದ ಮೇಲೆ ಆ ಕೂಲಿ ಉಳಿಯಿತು. ಆದರೆ ಕೆಲಸ ಪೂರ್ತಿ ಇಲ್ಲವಾಗಲಿಲ್ಲ, ಮುಂದಕ್ಕೆ ಹೋಯಿತು. ಎಂಟೋ ಹತ್ತೋ ವರ್ಷದ ಬಾಕಿಯನ್ನು ಒಂದೇ ದಿನ, ಕಾರಿನ ಕೆಳಗೆ ಮಲಗಿ ತೀರಿಸುವವರು ಮೆಕ್ಯಾನಿಕ್. ಅವರ ಕೂಲಿಯನ್ನು ಹಾಗೆ ನೋಡಬೇಕು ಎಂಬುದು ನಮ್ಮ ಅನಿಸಿಕೆ.

ಹಾಗೆಂದು ಮಾಲೀಕರು ಕೇಳಬಾರದು ಎಂದಲ್ಲ. ಕೇಳಬೇಕಾದ ಪ್ರಶ್ನೆ ಬೇರೆ. ಮೊದಲನೆಯದು, ‘ಹೊಸ ಬೋಲ್ಟು ಯಾವ ನಂಬರಿನದು?’ ಬೋಲ್ಟಿನ ತಲೆಯ ಮೇಲೆ 8.8, 10.9 ಎಂಬಂಥ ಅಂಕಿ ಇರುತ್ತದೆ. ಅದು ಉಕ್ಕಿನ ಗಟ್ಟಿತನದ ಗುರುತು, ದೊಡ್ಡ ಅಂಕಿ ಎಂದರೆ ಹೆಚ್ಚು ಬಲ. ಹಳೆಯದರಷ್ಟೇ ಅಂಕಿಯ ಬೋಲ್ಟು ಬೇಕು. ಹಾರ್ಡ್‌ವೇರ್ ಅಂಗಡಿಯ ಸಾದಾ ಬೋಲ್ಟು ಗೇಟಿಗೆ ಸಾಕು, ಘಾಟಿಯಲ್ಲಿ ಇಳಿಯುವ ಕಾರಿನ ಚಕ್ರಕ್ಕೆ ಸಾಲದು. ಕಾಯಿಸಿದ ಬೋಲ್ಟನ್ನೂ ಮತ್ತೆ ಹಾಕಬಾರದು, ಅದರ ಬಲ ಹೋಗಿರುತ್ತದೆ.

ಎರಡನೆಯದು, ‘ಹಾಕುವಾಗ ಬೋಲ್ಟಿನ ಮೈಗೆ ಗ್ರೀಸ್ ಸವರಿದಿರಾ?’ ಕೊಳವೆಯೊಳಗೆ ಕೂರುವ ನುಣುಪು ಭಾಗಕ್ಕೆ ತೆಳ್ಳಗೆ ಸವರಿದರೆ ಸಾಕು. ರಬ್ಬರಿಗೆ ತಾಗಬಾರದು, ಮರೆಗೆ ಮೆತ್ತಬಾರದು.

ಮೂರನೆಯದು, ‘ಕೊನೆಯ ಬಿಗಿ ಕಾರು ನೆಲಕ್ಕಿಳಿದ ಮೇಲೆ ಕೊಟ್ಟಿರಾ?’ ಚಕ್ರ ತೂಗುತ್ತಿರುವಾಗಲೇ ಬಿಗಿದರೆ, ಕಾರು ಕೆಳಗಿಳಿದಾಗ ರಬ್ಬರ್ ತಿರುಚಿಕೊಂಡೇ ನಿಲ್ಲುತ್ತದೆ, ಹೊಸ ಬುಶ್ ಬೇಗ ಹರಿಯುತ್ತದೆ.

ಗ್ರೀಸ್ ಸವರಲು ಬೇಕಾಗುವುದು ಒಂದು ನಿಮಿಷ. ಅದರ ಲಾಭ ಸಿಗುವುದು ವರ್ಷಗಳ ನಂತರ, ಪ್ರಾಯಶಃ ಬೇರೆ ಊರಿನ ಬೇರೆ ಮೆಕ್ಯಾನಿಕ್‌ಗೆ. ಕೀಲೆಣ್ಣೆ ಬಳಿಯುತ್ತಿದ್ದವರು ತಮ್ಮ ಎತ್ತಿಗಾಗಿ ಬಳಿದರು. ಇದನ್ನು ಮುಂದೆ ಯಾರು ಬಿಚ್ಚುತ್ತಾರೋ ಅವರಿಗಾಗಿ ಬಳಿಯಬೇಕು.