ಅಗಲ ಬಾಯಿಯ ಕೋವಿ

ಲೈಸೆನ್ಸ್ ಕೋವಿ ಇರುವ ಮನೆಗಳಲ್ಲಿ ಒಂದು ಮಾತು ಆಗಾಗ ಕೇಳುತ್ತದೆ: "ಚರೆ ತುಂಬಿದ ಬೆಡಿಗೆ ಗುರಿ ಯಾಕೆ ಮಾರಾಯ, ಆ ಕಡೆ ತಿರುಗಿಸಿ ಹೊಡೆದರೆ ಸಾಕು, ಒಂದಾದರೂ ತಾಗ್ತದೆ." ಈ ನಂಬಿಕೆ ನಮ್ಮೂರಲ್ಲಿ ಹುಟ್ಟಿದ್ದಲ್ಲ. ಇಂಗ್ಲೆಂಡಿನ ಟಪಾಲು ಸಾರೋಟಿನ ಮೇಲೂ ಅದು ಕೂತಿತ್ತು.

ಅಲ್ಲಿ ಮೊದಲು ಟಪಾಲು ಚೀಲಗಳನ್ನು ಹುಡುಗರು ಕುದುರೆ ಮೇಲೆ ಒಯ್ಯುತ್ತಿದ್ದರು. ದಾರಿಗಳ್ಳರಿಗೆ ಅದು ಸುಲಭದ ತುತ್ತು. 1784ರ ಆಗಸ್ಟಿನಲ್ಲಿ ಬ್ರಿಸ್ಟಲ್‌ನಿಂದ ಲಂಡನ್ನಿಗೆ ಮೊದಲ ಟಪಾಲು ಸಾರೋಟು ಹೊರಟಿತು. ಅದರ ಕಾವಲುಗಾರನಿಗೆ ಪಿಸ್ತೂಲುಗಳ ಜತೆಗೆ ಒಂದು ಬ್ಲಂಡರ್‌ಬಸ್ ಕೊಟ್ಟರು. ಡಚ್ ಭಾಷೆಯಿಂದ ಬಂದ ಹೆಸರು, ಗುಡುಗಿನ ನಳಿಗೆ ಎಂದರ್ಥ. ಗಿಡ್ಡ ಕೋವಿ, ತುದಿ ಮಾತ್ರ ತುತ್ತೂರಿಯ ಹಾಗೆ ಅಗಲ. ಬಾಯಿ ಅಗಲವಾದ್ದರಿಂದ ಗುಂಡುಗಳೂ ಅಗಲಕ್ಕೆ ಚೆಲ್ಲುತ್ತವೆ ಎಂದು ಜನ ತಿಳಿದರು. ನಿಜವಾಗಿ ಅದರ ಉಪಯೋಗ ಬೇರೆ: ಕುಲುಕಾಡುವ ಗಾಡಿಯಲ್ಲಿ ಕೂತು ಮದ್ದುಗುಂಡು ಸುರಿಯಲು ಸಲೀಸು. ಎದುರು ನಿಂತವನಿಗೆ ಆ ಬಾಯಿ ನೋಡಿಯೇ ಜೀವ ಹಾರುತ್ತಿತ್ತು ಅನ್ನಿ. ಚರೆ ಹರಡುವುದಕ್ಕೆ ಮಾತ್ರ ಅದರಿಂದ ಹೆಚ್ಚೇನೂ ಆಗುವುದಿಲ್ಲ.

ಹರಡುವುದು ದೂರದ ಲೆಕ್ಕ. ಸಾದಾ ನಳಿಗೆಯಾದರೆ ಗಜಕ್ಕೆ ಸುಮಾರು ಒಂದಿಂಚು ಎಂಬುದು ರೂಢಿಯ ಅಂದಾಜು. ಹಾಗಾದರೆ ಚಾವಡಿಯ ಈ ಮೂಲೆಯಿಂದ ಆ ಮೂಲೆಗೆ, ಹದಿನೈದು ಅಡಿಯಲ್ಲಿ, ಚರೆ ಹರಡುವುದು ಒಂದು ಅಂಗೈಯಗಲ ಅಷ್ಟೆ. ಗುರಿ ತಪ್ಪಿತೋ, ಮುದ್ದೆಗೆ ಮುದ್ದೆಯೇ ತಪ್ಪಿ ಹಿಂದೆ ನಿಂತವರಿಗೆ ಬೀಳುತ್ತದೆ. ಕತ್ತಲಲ್ಲಿ ಕಳ್ಳನೆಂದು ಹೊಡೆಯುವವನು ಮೊದಲು ನೆನೆಯಬೇಕಾದ್ದು ಇದನ್ನು.

1870ರ ದಶಕದಲ್ಲಿ ಬರ್ಮಿಂಗ್‌ಹ್ಯಾಮಿನ ಕೋವಿ ತಯಾರಕ ಗ್ರೀನರ್ ಮೊದಲಾದವರು ನಳಿಗೆಯ ತುದಿಯನ್ನು ಕಿರಿದು ಮಾಡುವ ಕ್ರಮವನ್ನು ಬಳಕೆಗೆ ತಂದರು. ಇದಕ್ಕೆ ಚೋಕ್ ಎನ್ನುತ್ತಾರೆ. ಹನ್ನೆರಡು ಬೋರಿನ ನಳಿಗೆಯೊಳಗಿನ ಅಗಲ ಸುಮಾರು 18.5 ಮಿಲಿಮೀಟರ್. ತುದಿಯಲ್ಲಿ ಅದನ್ನು ಒಂದೇ ಮಿಲಿಮೀಟರಿನಷ್ಟು ಬಿಗಿಮಾಡಿದರೆ ಏನಾಗುತ್ತದೆ ನೋಡಿ: 40 ಗಜ ದೂರದ 30 ಇಂಚಿನ ವೃತ್ತದೊಳಗೆ ನೂರಕ್ಕೆ 40 ಬೀಳುತ್ತಿದ್ದ ಚರೆ 70ಕ್ಕೆ ಏರುತ್ತದೆ.

ಇನ್ನು ತೋಟೆಯ ಆಯ್ಕೆ. ಇಂಗ್ಲಿಷ್ ಅಳತೆಯ ಆರನೇ ನಂಬ್ರದ ಚರೆ ಔನ್ಸಿಗೆ 270, ಎಲ್.ಜಿ. ಆದರೆ ಬರೇ ಆರು. ಸಣ್ಣದು ಬೇಗ ವೇಗ ಕಳೆದುಕೊಳ್ಳುತ್ತದೆ, ದೊಡ್ಡದು ಬಾಗಿಲು ತೂರಿಯೂ ಹೋದೀತು. ಸಣ್ಣದೆಂದು ಸಸಾರ ಮಾಡಬೇಡಿ. ಹತ್ತಿರದಿಂದ ಅದೂ ಪ್ರಾಣ ತೆಗೆಯುತ್ತದೆ.

ದೊಡ್ಡ ಚರೆ ಯುದ್ಧಕ್ಕೂ ಹೋಯಿತು. 1918ರಲ್ಲಿ ಅಮೆರಿಕದ ಸೈನಿಕರು ಫ್ರಾನ್ಸಿನ ಕಂದಕಗಳಿಗೆ ಹನ್ನೆರಡು ಬೋರಿನ ವಿಂಚೆಸ್ಟರ್ ಕೋವಿ ಒಯ್ದರು, ತೋಟೆಗೆ ಒಂಬತ್ತು ದೊಡ್ಡ ಚರೆ. ಇದು ಅನಾವಶ್ಯಕ ನೋವು ಕೊಡುವ ಆಯುಧ, ಹೇಗ್ ಒಪ್ಪಂದಕ್ಕೆ ವಿರುದ್ಧ ಎಂದು ಸೆಪ್ಟೆಂಬರಿನಲ್ಲಿ ಜರ್ಮನಿ ಪ್ರತಿಭಟಿಸಿತು. ವಿಷಾನಿಲ ಬಿಟ್ಟವರ ಬಾಯಿಂದ ಈ ಮಾತು! ಅಮೆರಿಕ ಒಪ್ಪಲಿಲ್ಲ. ಸಿಪಾಯಿಗಳ ತಕರಾರು ಬೇರೆಯೇ ಇತ್ತು. ನಮ್ಮ ಆಟಿ ತಿಂಗಳ ಮಳೆ ಕಂಡವರಿಗೆ ಅದು ಅರ್ಥವಾದೀತು: ಕಂದಕದ ಕೆಸರಿನಲ್ಲಿ ಕಾಗದದ ತೋಟೆಗಳು ನೆನೆದು ಉಬ್ಬಿ ನಳಿಗೆಯೊಳಗೆ ಹೋಗುತ್ತಲೇ ಇರಲಿಲ್ಲ. ಕೊನೆಗೆ ಪೂರ್ತಿ ಹಿತ್ತಾಳೆಯ ತೋಟೆ ಮಾಡಿಸಬೇಕಾಯಿತು.